ಪದ ಪರಿಚಯ: ನ್ಯಾನಿ ಟ್ಯಾಕ್ಸ್

ಅಮೆರಿಕದಲ್ಲಿ ಮಗು ನೋಡಿಕೊಳ್ಳಲು ಮನೆಗೆ ಬರುವವರಿಗೆ ಸಂಬಳ ಕೊಡುವ ಕುಟುಂಬ ಕಟ್ಟಬೇಕಾದ ತೆರಿಗೆಗೆ ಜನರ ಬಾಯಲ್ಲಿರುವ ಹೆಸರು ನ್ಯಾನಿ ಟ್ಯಾಕ್ಸ್. ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಮತ್ತು ನಿರುದ್ಯೋಗ ವಿಮೆಯ ಪಾಲು ಇದರೊಳಗೆ ಸೇರುತ್ತದೆ. ಅಡುಗೆಯವರಿಗೂ ಮನೆ ಸ್ವಚ್ಛ ಮಾಡುವವರಿಗೂ ಇದೇ ಲೆಕ್ಕ.

ಅಲ್ಲಿರುವ ನಮ್ಮವರಲ್ಲಿ ಇದರ ಬಗ್ಗೆ ಎರಡು ಮಾತು ಕೇಳಿಬರುತ್ತವೆ. "ಪೇಪರ್ (ಕೆಲಸದ ಪರವಾನಗಿಯ ದಾಖಲೆ) ಇಲ್ಲದವರನ್ನು ಇಟ್ಟುಕೊಂಡರೂ ಟ್ಯಾಕ್ಸ್ ಕಟ್ಟಿಬಿಟ್ಟರೆ ಆಯಿತು, ಲೀಗಲ್ಲೇ" ಎನ್ನುವುದು ಒಂದು. "ಪೇಪರೇ ಇಲ್ಲದವರಿಗೆ ಟ್ಯಾಕ್ಸ್ ಏಕೆ, ಕನಿಷ್ಠ ವೇತನ ಏಕೆ" ಎನ್ನುವುದು ಇನ್ನೊಂದು. ಎರಡೂ ತಪ್ಪು. ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು ಎಂದು ಹೇಳುವುದು ವಲಸೆ ಕಾನೂನು. ಇಟ್ಟುಕೊಂಡ ಮೇಲೆ ಏನು ಕೊಡಬೇಕು ಎಂದು ಹೇಳುವುದು ತೆರಿಗೆ ಮತ್ತು ಕಾರ್ಮಿಕ ಕಾನೂನು. ಒಂದನ್ನು ಪಾಲಿಸಿದ್ದು ಇನ್ನೊಂದರ ಖಾತೆಗೆ ಜಮಾ ಆಗುವುದಿಲ್ಲ.

ತೆರಿಗೆಯ ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ. 2025ರಲ್ಲಿ ಒಬ್ಬರಿಗೆ ವರ್ಷಕ್ಕೆ 2,800 ಡಾಲರ್ ಅಥವಾ ಹೆಚ್ಚು ನಗದು ಸಂಬಳ ಕೊಟ್ಟರೆ ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆ ಅನ್ವಯಿಸುತ್ತದೆ. ಈ ಮಿತಿ ಕಾಲಕಾಲಕ್ಕೆ ಏರುತ್ತದೆ. ಸಂಬಳದ ಶೇ. 7.65 ಮನೆಯವರ ಪಾಲು, ಅಷ್ಟೇ ಕೆಲಸಗಾರರ ಪಾಲು. ವಾರಕ್ಕೆ 600 ಡಾಲರ್ ಕೊಡುವವರಿಗೆ ಬೀಳುವ ಪಾಲು 45 ಡಾಲರ್ 90 ಸೆಂಟ್. ವರ್ಷದ ಕೊನೆಗೆ ಆದಾಯ ತೆರಿಗೆ ರಿಟರ್ನ್ ಜೊತೆ ಮನೆಕೆಲಸದವರ ತೆರಿಗೆಯ ಫಾರ್ಮ್ ಆದ ಶೆಡ್ಯೂಲ್ ಎಚ್ ತುಂಬಬೇಕು. ನಿಮ್ಮ ಮನೆಗೆ ಬಂದು, ನೀವು ಹೇಳಿದ ಹೊತ್ತಿಗೆ, ನೀವು ಹೇಳಿದ ರೀತಿಯಲ್ಲಿ ಕೆಲಸ ಮಾಡುವವರು ನಿಮ್ಮ ನೌಕರರೇ. "ಕಾಂಟ್ರಾಕ್ಟರ್" (ಸ್ವತಂತ್ರ ಗುತ್ತಿಗೆದಾರ) ಎಂದು ಬರೆದುಕೊಂಡರೆ ಅದು ಬದಲಾಗುವುದಿಲ್ಲ.

ವಲಸೆಯ ಕಡೆಗೆ ಬಂದರೆ, 1986ಕ್ಕೂ ಮೊದಲು ಪರಿಸ್ಥಿತಿ ವಿಚಿತ್ರವಾಗಿತ್ತು. ದಾಖಲೆ ಇಲ್ಲದವರಿಗೆ ಆಶ್ರಯ ಕೊಡುವುದು 1952ರ ಕಾನೂನಿನಲ್ಲಿ ಅಪರಾಧ. ಆದರೆ ಕೆಲಸ ಕೊಡುವುದನ್ನು ಆಶ್ರಯ ಎಂದು ಎಣಿಸಬಾರದೆಂದು ಅದೇ ಕಾನೂನು ಹೇಳಿತ್ತು. ದುಡಿಮೆ ಬೇಕು, ದುಡಿಯುವವರು ಬೇಡ ಎಂಬ ಈ ಏರ್ಪಾಡು ಮೂರು ದಶಕ ನಡೆಯಿತು. 1986ರ ನವೆಂಬರ್ 6ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು, ಕೆಲಸದ ಪರವಾನಗಿ ಇಲ್ಲವೆಂದು ಗೊತ್ತಿದ್ದೂ ಯಾರನ್ನಾದರೂ ನೇಮಿಸಿಕೊಳ್ಳುವುದನ್ನು ನಿಷೇಧಿಸಿತು. ಕೆಲಸದ ಪರವಾನಗಿ ಪರಿಶೀಲಿಸುವ ಐ-9 ಫಾರ್ಮ್ ಬಂದದ್ದು ಅದರಿಂದಲೇ. ಮೊದಲ ಭಾಗವನ್ನು ಕೆಲಸದ ಮೊದಲ ದಿನದೊಳಗೆ ನೌಕರರು ತುಂಬಬೇಕು. ಮೂರು ಕೆಲಸದ ದಿನಗಳೊಳಗೆ ಮನೆಯವರು ಮೂಲ ದಾಖಲೆ ನೋಡಿ ಎರಡನೆಯ ಭಾಗ ತುಂಬಬೇಕು. ಪಟ್ಟಿಯಲ್ಲಿರುವ ಯಾವ ದಾಖಲೆ ತೋರಿಸಬೇಕು ಎಂಬ ಆಯ್ಕೆ ನೌಕರರದು. ಗ್ರೀನ್ ಕಾರ್ಡೇ ಬೇಕು ಎಂದು ಹಟ ಹಿಡಿಯುವಂತಿಲ್ಲ. ಫಾರ್ಮನ್ನು ಎಲ್ಲಿಗೂ ಕಳಿಸುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳಬೇಕು. ಯಾವಾಗಲೋ ಒಮ್ಮೆ ಬಂದುಹೋಗುವ ಬೇಬಿಸಿಟರ್‌ಗೆ ಐ-9 ಬೇಡ. ಹಾಗಿದ್ದರೂ ಪರವಾನಗಿ ಇಲ್ಲವೆಂದು ಗೊತ್ತಿದ್ದರೆ ಅವರನ್ನು ಕರೆಯುವಂತಿಲ್ಲ.

ಇಡೀ ಅಮೆರಿಕಕ್ಕೆ ಈ ವಿಷಯ ಪರಿಚಯವಾದದ್ದು 1993ರಲ್ಲಿ. ಅಧ್ಯಕ್ಷ ಕ್ಲಿಂಟನ್ ಅಟಾರ್ನಿ ಜನರಲ್ (ನ್ಯಾಯ ಇಲಾಖೆಯ ಮುಖ್ಯಸ್ಥ) ಹುದ್ದೆಗೆ ಆರಿಸಿದ ಜೋಯಿ ಬೇರ್ಡ್, ಪರವಾನಗಿ ಇಲ್ಲದ ಪೆರು ದೇಶದ ದಂಪತಿಯನ್ನು ಮನೆಕೆಲಸಕ್ಕೆ ಇಟ್ಟುಕೊಂಡು ಸೋಶಿಯಲ್ ಸೆಕ್ಯುರಿಟಿ ತೆರಿಗೆಯನ್ನೂ ಕಟ್ಟಿರಲಿಲ್ಲ ಎಂದು ಗೊತ್ತಾಗಿ ಹಿಂದೆ ಸರಿದರು. ಆ ಜಾಗಕ್ಕೆ ಯೋಚಿಸಿದ್ದ ನ್ಯಾಯಾಧೀಶೆ ಕಿಂಬಾ ವುಡ್ ಅವರದು ಬೇರೆಯೇ ಕಥೆ. ಅವರು ನ್ಯಾನಿಯನ್ನು ನೇಮಿಸಿಕೊಂಡದ್ದು 1986ರ ಕಾನೂನಿಗೂ ಮೊದಲು, ತೆರಿಗೆಯನ್ನೂ ಕಟ್ಟಿದ್ದರು. ಕಾನೂನಿನ ಪ್ರಕಾರ ತಪ್ಪೇ ಇರಲಿಲ್ಲ. ಆದರೂ ಅವರೂ ಹಿಂದೆ ಸರಿಯಬೇಕಾಯಿತು. ಎರಡು ಕಾನೂನುಗಳ ಗೊಂದಲಕ್ಕೆ ಬೆಲೆ ತೆತ್ತವರು ಅವರು ಎಂದೇ ನನಗನ್ನಿಸುತ್ತದೆ. ಮರುವರ್ಷವೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ತೆರಿಗೆಯ ನಿಯಮ ಸರಳಗೊಳಿಸಿತು: ಮೂರು ತಿಂಗಳಿಗೆ 50 ಡಾಲರ್ ಎಂದಿದ್ದ ಮಿತಿ ವರ್ಷಕ್ಕೆ 1,000 ಡಾಲರ್ ಆಯಿತು.

ಪರವಾನಗಿ ಇಲ್ಲದವರು ಎಂದೊಡನೆ ಮರುಭೂಮಿ ದಾಟಿ ಬಂದವರಷ್ಟೇ ನಮ್ಮ ಕಣ್ಣಿಗೆ ಬರುತ್ತಾರೆ. ಭಾರತೀಯರು ಹೆಚ್ಚಿರುವ ಎಡಿಸನ್, ಫ್ರೀಮಾಂಟ್‌ನಂಥ ಊರುಗಳ ನಮ್ಮ ಕುಟುಂಬಗಳು ಗಮನಿಸಬೇಕಾದದ್ದು ಬೇರೆ. ವಿಸಿಟರ್ ವೀಸಾದಲ್ಲಿ ಬಂದ ಪಕ್ಕದ ಮನೆಯ ಆಂಟಿ, ಎಚ್-4 (ಎಚ್-1ಬಿ ನೌಕರರ ಸಂಗಾತಿಗೆ ಕೊಡುವ) ವೀಸಾದಲ್ಲಿದ್ದು ಇಎಡಿ, ಅಂದರೆ ಕೆಲಸದ ಪರವಾನಗಿ ಕಾರ್ಡ್ ಇಲ್ಲದ ಸ್ನೇಹಿತೆ, ಎಫ್-1 (ಓದಲು ಕೊಡುವ) ವೀಸಾದ ವಿದ್ಯಾರ್ಥಿನಿ ಇವರೆಲ್ಲ ದೇಶದಲ್ಲಿರುವುದು ಕಾನೂನುಬದ್ಧವಾಗಿಯೇ. ಆದರೆ ಸಂಬಳಕ್ಕೆ ನಿಮ್ಮ ಮಗುವನ್ನು ನೋಡಿಕೊಳ್ಳುವ ಪರವಾನಗಿ ಅವರಿಗಿಲ್ಲ. ಸಿಕ್ಕಿಬಿದ್ದರೆ ನಿಮಗೆ ದಂಡ, ಅವರಿಗೆ ವೀಸಾವೇ ಹೋಗಬಹುದು. ಊರಿಂದ ಬಂದ ನಿಮ್ಮ ಅಮ್ಮ ಸಂಬಳವಿಲ್ಲದೆ ಮೊಮ್ಮಗುವನ್ನು ಎತ್ತಿಕೊಂಡು ಓಡಾಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ದಾಖಲೆ ಇಲ್ಲದೆ ಬಂದವರಲ್ಲೂ ಕೆಲವರ ಕೈಯಲ್ಲಿ ಇಎಡಿ ಕಾರ್ಡ್ ಇರುತ್ತದೆ. ಮಕ್ಕಳಾಗಿದ್ದಾಗ ಬಂದವರಿಗಾಗಿ ಇರುವ 2012ರ ಡಾಕಾ ಯೋಜನೆಯಡಿ, ಸಂಕಟದಲ್ಲಿರುವ ದೇಶಗಳವರಿಗೆ ಕೊಡುವ ತಾತ್ಕಾಲಿಕ ರಕ್ಷಣೆಯಾದ ಟಿಪಿಎಸ್ ಅಡಿ, ಅಥವಾ ಆಶ್ರಯ ಕೋರಿದ ಅರ್ಜಿ ಬಾಕಿಯಿರುವಾಗ ಅದು ಸಿಗಬಹುದು. ಕಾರ್ಡಿನ ಅವಧಿ ಮುಗಿಯುವವರೆಗೆ ಅವರನ್ನು ನೇಮಿಸಿಕೊಳ್ಳುವುದು ಪೂರ್ತಿ ಕಾನೂನುಬದ್ಧ. ಐಟಿಐಎನ್ ಮಾತ್ರ ಇದ್ದರೆ ಸಾಲದು. ಅದು ತೆರಿಗೆ ಸಲ್ಲಿಸಲು ಕೊಡುವ ನಂಬರು, ಕೆಲಸದ ಅನುಮತಿಯಲ್ಲ. "ನಾವೇ ಗ್ರೀನ್ ಕಾರ್ಡ್‌ಗೆ ಸ್ಪಾನ್ಸರ್ ಮಾಡುತ್ತೇವೆ" ಎನ್ನುವ ಒಳ್ಳೆಯ ಮನಸ್ಸಿನವರಿಗೆ ಎದುರಾಗುವುದು 1996ರ ಕಾನೂನು. ತಪಾಸಣೆಯಿಲ್ಲದೆ ಗಡಿ ದಾಟಿದವರು ಸಾಮಾನ್ಯವಾಗಿ ದೇಶದ ಒಳಗಿದ್ದುಕೊಂಡೇ ಗ್ರೀನ್ ಕಾರ್ಡ್ ಪಡೆಯಲಾರರು. ವೀಸಾಕ್ಕಾಗಿ ಹೊರಗೆ ಹೋದರೆ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅನಧಿಕೃತವಾಗಿ ಇದ್ದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ. ವಲಸೆ ವಕೀಲರನ್ನು ಕೇಳದೆ ಇದಕ್ಕೆ ಕೈಹಾಕಿದರೆ ಸಹಾಯ ಮಾಡಹೋಗಿ ಅವರ ಬದುಕನ್ನೇ ಕೆಡಿಸಿದಂತಾದೀತು.

ಕೊನೆಗೆ ಸಂಬಳದ ಮಾತು. ಕನಿಷ್ಠ ವೇತನದ ಫೆಡರಲ್ ಕಾನೂನು 1974ರಿಂದ ಮನೆಕೆಲಸದವರಿಗೂ ಅನ್ವಯಿಸುತ್ತದೆ, ದಾಖಲೆ ಇಲ್ಲದವರೂ ಅದರೊಳಗೆ ಬರುತ್ತಾರೆ. "ಪೊಲೀಸರಿಗೆ ಹೇಳುತ್ತೇನೆ" ಎಂದು ಹೆದರಿಸಿ ದುಡ್ಡು ಹಿಡಿದಿಟ್ಟುಕೊಳ್ಳುವುದು ಕ್ರೌರ್ಯ, ಕಾನೂನಿನ ಬೆಂಬಲವೂ ಅದಕ್ಕಿಲ್ಲ. ಪರವಾನಗಿ ಇಲ್ಲವೆಂದು ತಿಳಿದು ಕೆಲಸದಿಂದ ಬಿಡಿಸಬೇಕಾಗಿ ಬಂದರೂ, ಅಲ್ಲಿಯವರೆಗೆ ದುಡಿದ ಪ್ರತಿ ಗಂಟೆಯ ಕೂಲಿ ಕೊಡಬೇಕು, ಆ ವರ್ಷದ ಶೆಡ್ಯೂಲ್ ಎಚ್‌ನಲ್ಲಿ ಅದನ್ನೂ ತೋರಿಸಬೇಕು.