ಪದ್ಮೆ ಎಂದು ಬರೆದು ಪೇಮೆ ಎಂದು ಓದುವುದು

ಬೈಲಕುಪ್ಪೆಗೆ ಹೋದವರು ಗೋಲ್ಡನ್ ಟೆಂಪಲ್ ನೋಡಿ, ಮೊಮೊ ತಿಂದು, ಬಣ್ಣದ ಬಾವುಟದ ಒಂದು ಸರ ಕೊಂಡು ವಾಪಸ್ ಬರುತ್ತಾರೆ. ನಾನು ಕೊಂಡಿದ್ದು ಅಂಗೈ ಅಗಲದ ಕಲ್ಲು. ಅದರ ಮೇಲೆ ಟಿಬೆಟನ್ ಲಿಪಿಯಲ್ಲಿ ಆರು ಅಕ್ಷರದ ಬೌದ್ಧ ಮಂತ್ರ ಕೆತ್ತಿದ್ದರು.

'ಓಂ ಮಣಿ ಪದ್ಮೆ ಹೂಂ, ಅಲ್ವಾ?' ಅಂದೆ.

ಅಂಗಡಿಯ ಅಜ್ಜಿ ನಕ್ಕರು. ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದರು. 'ಓಂ ಮನಿ ಪೇಮೆ ಹುಂಗ್.'

ಕಲ್ಲಿನ ಮೇಲೆ ಇರುವುದೊಂದು, ಬಾಯಲ್ಲಿ ಬರುವುದೊಂದು. ಹಾಗಾದರೆ ಸರಿ ಯಾವುದು?

ಮೊದಲು ಕಲ್ಲನ್ನೇ ನೋಡೋಣ. ಟಿಬೆಟನ್ ಲಿಪಿ ಹುಟ್ಟಿದ್ದು 7ನೇ ಶತಮಾನದಲ್ಲಿ, ಉತ್ತರ ಭಾರತದ ಬ್ರಾಹ್ಮಿಯ ಒಂದು ಕವಲಿನಿಂದ. ಕನ್ನಡ ಲಿಪಿಗೂ ಮೂಲ ಬ್ರಾಹ್ಮಿಯೇ. ಅಂದರೆ ಇವೆರಡೂ ದೂರದ ದಾಯಾದಿಗಳು. ಗುಟ್ಟು ಗೊತ್ತಾದರೆ ಆ ಕಲ್ಲನ್ನು ನಾವೇ ಅರ್ಧ ಓದಿಬಿಡಬಹುದು. ಐದನೆಯ ಅಕ್ಷರದಲ್ಲಿ ಮೇಲೆ 'ದ', ಅದರ ಕೆಳಗೆ 'ಮ', ನೆತ್ತಿಯ ಮೇಲೆ 'ಎ' ಸ್ವರದ ಗುರುತು. ನಮ್ಮ 'ದ್ಮೆ' ಇರುವುದೂ ಹೀಗೇ. ಒತ್ತಕ್ಷರ ನಮ್ಮೊಬ್ಬರ ಆಸ್ತಿಯಲ್ಲ! ಕೊನೆಯ 'ಹೂಂ' ಅಂತೂ ಸಣ್ಣ ಗೋಪುರ. 'ಹ'ದ ಕೆಳಗೆ ದೀರ್ಘದ ಗುರುತು, ಅದರ ಕೆಳಗೆ 'ಉ', ತಲೆಯ ಮೇಲೆ ಅರ್ಧಚಂದ್ರ, ಅದರ ಮೇಲೆ ಬಿಂದು.

ನನಗೆ ತುಂಬ ಇಷ್ಟವಾದದ್ದು ಮೂರನೆಯ ಅಕ್ಷರ, 'ಣಿ'. ಟಿಬೆಟನ್ ಭಾಷೆಗೆ 'ಣ' ಬೇಕಿರಲಿಲ್ಲ, ಅದರ ಮಾತಿನಲ್ಲಿ ಆ ಧ್ವನಿಯೇ ಇಲ್ಲ. ಆದರೆ ಮಂತ್ರದಲ್ಲಿ ಇದೆಯಲ್ಲ, ಬಿಡುವ ಹಾಗಿಲ್ಲ. ಅದಕ್ಕೆ ಅವರು ತಮ್ಮ 'ನ'ವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಬರೆದರು. ಟ, ಡ, ಷ ಅಕ್ಷರಗಳಿಗೂ ಇದೇ ಉಪಾಯ. ಆದರೆ ಕಣ್ಣಿಗೆ 'ಣಿ' ಕಂಡರೂ ಬಾಯಿಗೆ ಬರುವುದು 'ನಿ'ಯೇ. ಟಿಬೆಟನ್ನರ ಇನ್ನೊಂದು ದೊಡ್ಡ ನೆಲೆ ಇರುವ ಮುಂಡಗೋಡದ ಕಡೆ 'ಮನಿ' ಅಂದರೆ ಮನೆ. ಆ ಗೊಂದಲ ಬೇರೆ.

ಇನ್ನು 'ಪದ್' ಹೋಗಿ 'ಪೇ' ಆದದ್ದು. 'ಪದ್-ಮ' ಎಂದು ಬಿಡಿಸಿ ಹೇಳಿದರೆ ಮೊದಲ ತುಣುಕಿನ ಕೊನೆಗೆ ಬರುವಂಥ 'ದ್' ಲಾಸಾದ ಕಡೆಯ ಮಾತಿನಲ್ಲಿ ಕಾಲಕ್ರಮದಲ್ಲಿ ಸವೆದುಹೋಯಿತು. ಹೋಗುವಾಗ ಹಿಂದಿದ್ದ 'ಅ'ವನ್ನು 'ಎ' ಕಡೆಗೆ ಎಳೆದುಕೊಂಡು ಹೋಯಿತು. ಹಾಗಾಗಿ 'ಪದ್ಮ' ಎಂದು ಬರೆದದ್ದು 'ಪೇಮ' ಆಯಿತು. ನಿಮಗೆ ಪೇಮಾ ಎಂಬ ಹೆಸರಿನ ಟಿಬೆಟನ್ ಗೆಳತಿ ಇದ್ದರೆ ಆಕೆ ನಮ್ಮ ಪದ್ಮಾನೇ. ಟಿಬೆಟನ್ನರ ಬಾಯಲ್ಲಿ 'ವಜ್ರ' 'ಬೆಂಝ' ಆಗಿದೆ, 'ಸ್ವಾಹಾ' 'ಸೋಹಾ' ಆಗಿದೆ.

ನಾಲಿಗೆ ತಪ್ಪು ಮಾಡಿತು ಅನ್ನುವ ಮೊದಲು ನಮ್ಮ ನಾಲಿಗೆಯನ್ನೂ ನೋಡಿಕೊಳ್ಳಬೇಕು. ಪಂಪನ ಕಾಲದ 'ಪಾಲ್' ಈಗ 'ಹಾಲು', 'ಪೂ' ಈಗ 'ಹೂ'. ತುಟಿ ಮುಚ್ಚಿ ಹೇಳುತ್ತಿದ್ದ 'ಪ' ಸಡಿಲವಾಗಿ ಬರೀ ಉಸಿರಾಯಿತು. ಜಪಾನಿನಲ್ಲೂ ಹೀಗೇ ಆಯಿತು. ಅಲ್ಲಿನ ಶಿಂಗೋನ್ ಎಂಬ ಬೌದ್ಧ ಪಂಥದ 'ಬೆಳಕಿನ ಮಂತ್ರ'ದಲ್ಲಿ 'ಮಣಿ ಪದ್ಮ' ಎಂಬ ಮಾತು ಬರುತ್ತದೆ. ಅದನ್ನು ಅವರು ಹೇಳುವುದು 'ಮನಿ ಹಂದೋಮ' ಎಂದು. ಪದ್ಮ, ಹಂದೋಮ! ಪಾಲು ಹಾಲಾದಂತೆಯೇ. ಇದಕ್ಕೆ ಸಾಕ್ಷಿ ಅವರ ಅಕ್ಷರಮಾಲೆಯಲ್ಲೇ ಇದೆ. ಸಂಸ್ಕೃತದ ವರ್ಣಮಾಲೆ ಕಲಿತ ಭಿಕ್ಷುಗಳ ಪ್ರಭಾವದಿಂದ ಅದರ ಕ್ರಮ ನಮ್ಮದರಂತೆಯೇ ಇದೆ: ಕ, ಸ, ತ, ನ, ಹ, ಮ. 'ನ' ಮತ್ತು 'ಮ' ನಡುವೆ 'ಹ' ಬಂದು ಕೂತಿದೆ ನೋಡಿ. ಅದು ಹಿಂದೆ 'ಪ' ಕೂರುತ್ತಿದ್ದ ಜಾಗ.

ಜಪಾನಿಗೆ ಈ ಮಂತ್ರವಿದ್ಯೆಯನ್ನು ಪೂರ್ತಿಯಾಗಿ ತಂದವರಲ್ಲಿ ಕೂಕಾಯ್ ದೊಡ್ಡ ಹೆಸರು. 804ರಲ್ಲಿ ಚೀನಾಕ್ಕೆ ಹೋಗಿ 806ರಲ್ಲಿ ಮರಳಿದ ಭಿಕ್ಷು. ಜೊತೆಗೆ ತಂದದ್ದು 'ಸಿದ್ಧಂ' ಎಂಬ ಭಾರತೀಯ ಲಿಪಿಯ ಬರಹಗಳನ್ನು. ಆ ಲಿಪಿ ಭಾರತದಲ್ಲಿ ಯಾವತ್ತೋ ಮರೆಯಾಯಿತು, ಜಪಾನಿನಲ್ಲಿ ಇವತ್ತಿಗೂ ಕುಂಚದಲ್ಲಿ ಬರೆಯುತ್ತಾರೆ. ಅಲ್ಲಿ ಅಕ್ಷರವನ್ನು ನೋಡುತ್ತಾ ಕೂರುವುದೇ ಒಂದು ಧ್ಯಾನ. ಎದುರಿಗೆ ಒಂದು ಚಿತ್ರಪಟ. ಅದರಲ್ಲಿ ಬಿಳಿ ಚಂದ್ರ, ತಾವರೆ, ಮತ್ತು ಒಂದೇ ಒಂದು ಅಕ್ಷರ, 'ಅ'. ಉಸಿರು ಬಿಡುವಾಗ ಮೆಲ್ಲಗೆ 'ಆ...' ಎನ್ನುತ್ತಾರೆ. ನಾವು ಮಕ್ಕಳಿಗೆ ಮೊದಲ ದಿನ ಕಲಿಸುವ ಅಕ್ಷರವನ್ನು ಅವರು ಜೀವನವಿಡೀ ನೋಡುತ್ತಾರೆ.

ಅರ್ಥದ ಕತೆಯೂ ಸ್ವಲ್ಪ ಹಾಗೇ ಇದೆ. 'ತಾವರೆಯೊಳಗಿನ ಮಣಿ' ಎಂದು ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಸಂಸ್ಕೃತ ಬಲ್ಲ ಹಲವರ ಪ್ರಕಾರ 'ಮಣಿಪದ್ಮೆ' ಎಂಬುದು 'ಹೇ ಸೀತೆ' ಎಂದು ಕರೆದಂತೆ ಒಂದು ಸಂಬೋಧನೆ. ನನಗೂ ಇದೇ ಸರಿ ಅನಿಸುತ್ತದೆ.

ಉಚ್ಚಾರದ ಜಗಳ ಟಿಬೆಟ್‌ನಲ್ಲೂ ನಡೆದಿತ್ತು. ಸಾಕ್ಯ ಪಂಡಿತ (1182–1251) ದೊಡ್ಡ ಸಂಸ್ಕೃತ ವಿದ್ವಾಂಸ. ಆತನ ಬಗ್ಗೆ ಒಂದು ಕತೆ ಹೇಳುತ್ತಾರೆ. ಒಬ್ಬ ಯೋಗಿ ಗುಹೆಯಲ್ಲಿ ಕೂತು 'ಚಿಲಿ ಚಿಲಯ' ಎಂದು ಜಪಿಸುತ್ತಿದ್ದನಂತೆ. 'ಅದು ಕಿಲಿ ಕೀಲಯ ಕಣಪ್ಪ' ಎಂದು ಪಂಡಿತರು ತಿದ್ದಿದರು. ಯೋಗಿ ಮತ್ತೆ 'ಚಿಲಿ ಚಿಲಯ' ಎನ್ನುತ್ತಲೇ ಕೈಯಲ್ಲಿದ್ದ ಗೂಟವನ್ನು ಬಂಡೆಗೆ ಚುಚ್ಚಿದ. ಬೆಣ್ಣೆಗೆ ಚುಚ್ಚಿದಂತೆ ಒಳಗೆ ಹೋಯಿತಂತೆ. ಬಂಡೆಯ ವಿಷಯ ಬಿಡಿ. 'ಕಿ' ಹೋಗಿ 'ಚಿ' ಆದದ್ದರಲ್ಲಿ ಪವಾಡ ಏನೂ ಇಲ್ಲ. 'ಇ' ಹೇಳಲು ನಾಲಿಗೆ ಮುಂದಕ್ಕೆ ಬರುತ್ತದೆ, ಜೊತೆಗೆ 'ಕ'ವನ್ನೂ ಎಳೆದು ತರುತ್ತದೆ. ನಮ್ಮ 'ಕಿವಿ' ತೆಲುಗಿನಲ್ಲಿ 'ಚೆವಿ', ನಮ್ಮ 'ಕೆರೆ' ಅಲ್ಲಿ 'ಚೆರುವು'. ಕನ್ನಡ ಹಳೆಯ 'ಕ'ವನ್ನು ಉಳಿಸಿಕೊಂಡಿತು, ಅಷ್ಟೇ.

ಹಾಗಾದರೆ ತಪ್ಪಾಗಿ ಹೇಳಿದರೂ ಮಂತ್ರ ಕೆಲಸ ಮಾಡುತ್ತದೆಯೇ? ಅದು ಯಾವ ಕೆಲಸ ಅನ್ನುವುದರ ಮೇಲೆ ನಿಂತಿದೆ. ಮೋಕ್ಷವನ್ನು ಅಳೆಯುವ ಯಂತ್ರ ಇಲ್ಲ. ರಕ್ತದೊತ್ತಡ ಅಳೆಯಲು ಇದೆ. 2001ರಲ್ಲಿ ಇಟಲಿಯ ವೈದ್ಯ ಲೂಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು 23 ಮಂದಿ ಆರೋಗ್ಯವಂತರನ್ನು ಕೂರಿಸಿ ಎರಡು ಪಠಣ ಮಾಡಿಸಿದರು. ಒಂದು, ಕ್ರೈಸ್ತರು ಜಪಸರ ಹಿಡಿದು ಹೇಳುವ ಲ್ಯಾಟಿನ್ 'ಆವೆ ಮರಿಯ'. ಇನ್ನೊಂದು ನಮ್ಮ ಮಣಿ ಮಂತ್ರ. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6 ಸಲಕ್ಕೆ ಇಳಿಯಿತು, ಅಂದರೆ ಒಂದು ಉಸಿರಿಗೆ 10 ಸೆಕೆಂಡು.

ಈ 10ರಲ್ಲೇ ಇರುವುದು ವಿಶೇಷ. ಕತ್ತಿನ ರಕ್ತನಾಳದ ಗೋಡೆಯಲ್ಲಿ ಒತ್ತಡ ಗಮನಿಸುವ ನರಗಳಿವೆ. ಒತ್ತಡ ಏರಿದರೆ ಹೃದಯವನ್ನು ನಿಧಾನಿಸುತ್ತವೆ, ಇಳಿದರೆ ಚುರುಕುಗೊಳಿಸುತ್ತವೆ. ಈ ತಿದ್ದುಪಡಿಗೆ ಸ್ವಲ್ಪ ಹೊತ್ತು ಬೇಕು. ಅದರಿಂದ ರಕ್ತದೊತ್ತಡದಲ್ಲಿ ಸುಮಾರು 10 ಸೆಕೆಂಡಿಗೊಂದು ಅಲೆ ಸುಮ್ನೆ ಕೂತಾಗಲೂ ಏಳುತ್ತಿರುತ್ತದೆ. ಉಸಿರು ಅದೇ ತಾಳಕ್ಕೆ ಸೇರಿದರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ಅಲೆ ದೊಡ್ಡದಾಗುತ್ತದೆ. ಒತ್ತಡ ತಿದ್ದುವ ವ್ಯವಸ್ಥೆಯೂ ಜಾಸ್ತಿ ಚುರುಕಾಗುತ್ತದೆ. ಪರೀಕ್ಷೆಯಲ್ಲಿ ಕಂಡದ್ದು ಇದು. 23 ಜನ ಅಂದರೆ ಸಣ್ಣ ಪರೀಕ್ಷೆಯೇ, ಬಿಪಿ ಮಾತ್ರೆ ಬಿಡುವಷ್ಟು ದೊಡ್ಡ ಸುದ್ದಿ ಏನಲ್ಲ. ಇನ್ನೊಂದು ತಮಾಷೆ ಇದೆ. ಆ 23 ಮಂದಿಗೆ ಹೇಳಿಕೊಟ್ಟ ಮಂತ್ರ 'ಓಂ ಮಣಿ ಪದ್ಮೆ ಓಂ'. ಹೂಂ ಇರಲೇ ಇಲ್ಲ! ರಕ್ತನಾಳ ಅದನ್ನು ಕೇಳಲೂ ಇಲ್ಲ.

ಆದರೆ ಬೈಲಕುಪ್ಪೆಯ ಹಿರಿಯರು 10 ಸೆಕೆಂಡಿಗೊಂದು ಮಂತ್ರ ಹೇಳುವುದನ್ನು ನಾನು ಕಂಡಿಲ್ಲ. ಅಂಗಡಿಯ ಅಜ್ಜಿಯ ಕೈಯಲ್ಲೂ 108 ಮಣಿಯ ಸರ ಇತ್ತು. ಸೆಕೆಂಡಿಗೊಂದು ಮಣಿ ಹಿಂದೆ ಸರಿಯುತ್ತಿತ್ತು, ತುಟಿ ಬರೀ ಅದುರುತ್ತಿತ್ತು. ಒಂದೇ ಉದ್ದನೆಯ ಉಸಿರಿನಲ್ಲಿ ಏಳೆಂಟು ಮಂತ್ರ ಆಗಿಹೋಗುತ್ತಿತ್ತು. ನಾನು 500ರ ನೋಟು ಕೊಟ್ಟೆ. 'ಚಿಲ್ಲರೆ ಇಲ್ಲ' ಎಂದು ಅಚ್ಚ ಕನ್ನಡದಲ್ಲಿ ಹೇಳಿದರು. ಪಕ್ಕದ ಅಂಗಡಿಯಿಂದ ಚಿಲ್ಲರೆ ಬಂತು. ಅಷ್ಟು ಹೊತ್ತೂ ಅವರ ಹೆಬ್ಬೆರಳು, ತೋರುಬೆರಳು ಒಂದು ಮಣಿಯನ್ನು ಹಿಡಿದುಕೊಂಡೇ ಇದ್ದವು. ನೋಟು ಎಣಿಸಿ ಕೊಟ್ಟು ಅಲ್ಲಿಂದಲೇ ಮುಂದುವರಿಸಿದರು.