ದ್ರಾಕ್ಷಿ ಬಳ್ಳಿಗೆ ಕತ್ತರಿಯೇ ಚಳಿಗಾಲ

ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನ ಮನೆಗಳಿಂದ ನನಗೆ ಬರುವ ಮೊದಲ ಪ್ರಶ್ನೆ: "ಬ್ಲೂಬೆರಿ ಗಿಡ ಹಾಕಬಹುದಾ?" ಹಿಮ ಕರಗುವ ಊರಿನವರು ವಸಂತದಲ್ಲಿ ಗಿಡ ನೆಡುವ ವಿಡಿಯೋ ನೋಡಿರುತ್ತಾರೆ. ಬೇಡ ಎನ್ನುತ್ತೇನೆ. ಬ್ಲೂಬೆರಿಗೆ ಪಿಎಚ್ 4.5ರಿಂದ 5.5ರಷ್ಟು ಹುಳಿ ಮಣ್ಣು ಬೇಕು. ಕುಂಡದಲ್ಲಿ ಅಂಥ ಮಣ್ಣು ತುಂಬಿದರೂ ನಮ್ಮ ಗಡಸು ಬೋರ್‌ವೆಲ್ ನೀರು ಅದನ್ನು ಕೆಡಿಸುತ್ತದೆ. ರಾಸ್‌ಬೆರಿಗೆ ಇಲ್ಲಿಯ ಚಳಿ ಸಾಲದು. ಸ್ಟ್ರಾಬೆರಿ ಬರುತ್ತದೆ, ಆದರೆ ಅದನ್ನು ಅಕ್ಟೋಬರ್ ಹೊತ್ತಿಗೇ ನೆಟ್ಟಿರಬೇಕು. ಬೆರಿ ಬೇಕೇ ಬೇಕು ಎಂದರೆ ಹಿಪ್ಪುನೇರಳೆ ಇದೆಯಲ್ಲ! ರೇಷ್ಮೆ ನಾಡಿನವರಿಗೆ ಅದರ ಹಣ್ಣು ಯಾಕೋ ಲೆಕ್ಕಕ್ಕೇ ಇಲ್ಲ.

ಈಗ ನೆಡಬೇಕಾದದ್ದು ದ್ರಾಕ್ಷಿ. ಅದರಲ್ಲೂ ಬೆಂಗಳೂರು ನೀಲಿ. ದಪ್ಪ ಸಿಪ್ಪೆ, ಬೀಜ, ಗಾಢ ಪರಿಮಳದ ಹಣ್ಣು. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಚಪ್ಪರಗಳಲ್ಲಿ ನೀವು ನೋಡಿರುವುದು ಇದನ್ನೇ. ಅಕ್ಟೋಬರ್ ಸುಮಾರಿಗೆ ಚಾಟ್ನಿ (ಬಳ್ಳಿ ಸವರುವ ಕೆಲಸ) ಮಾಡಿದಾಗ ಸಿಕ್ಕ ಕಡ್ಡಿಗಳು ನರ್ಸರಿಯಲ್ಲಿ ಬೇರು ಬಿಟ್ಟು, ಜನವರಿ–ಫೆಬ್ರವರಿಗೆ ನಾಟಿಗೆ ಬಂದಿರುತ್ತವೆ. ನೀವೇ ಕಡ್ಡಿ ಊರುವುದಾದರೆ ಪೆನ್ಸಿಲ್ ದಪ್ಪದ್ದು, ನಾಲ್ಕು ಕಣ್ಣಿನದು (ಕಣ್ಣು ಎಂದರೆ ಚಿಗುರೊಡೆಯುವ ಮೊಗ್ಗು) ಸಾಕು. ಬುಡ ಓರೆಯಾಗಿ, ತುದಿ ನೇರವಾಗಿ ಕತ್ತರಿಸಿಕೊಳ್ಳಿ. ಮೊದಲ ವರ್ಷ ನಾನು ಒಂದು ಕಟ್ಟು ಕಡ್ಡಿಯನ್ನು ತಲೆಕೆಳಗಾಗಿ ಊರಿ, ತಿಂಗಳುಗಟ್ಟಲೆ ಸುಮ್ನೆ ನೀರು ಹಾಕಿದ್ದೆ.

ಎರಡಡಿ ಗುಂಡಿ, ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ದಿನಕ್ಕೆ ಆರು ಗಂಟೆ ಬಿಸಿಲು ಬೀಳಬೇಕು, ಇಲ್ಲದಿದ್ದರೆ ಬರೀ ಎಲೆ. ಚಿಗುರಿದವುಗಳಲ್ಲಿ ಗಟ್ಟಿಯಾದ ಒಂದನ್ನು ಮಾತ್ರ ಉಳಿಸಿ ಕೋಲಿಗೆ ಕಟ್ಟಿ. ಚಪ್ಪರಕ್ಕೆ ಗೇಣು ಕೆಳಗಿರುವಾಗ ತುದಿ ಚಿವುಟಿ, ಎರಡು ಕವಲು ಎರಡು ದಿಕ್ಕಿಗೆ ಹೋಗಲಿ.

ಇಷ್ಟು ಎಲ್ಲರೂ ಮಾಡುತ್ತಾರೆ. ಎಡವುವುದು ಮುಂದೆ. "ಮೂರು ವರ್ಷವಾಯಿತು, ಒಂದು ಗೊಂಚಲೂ ಇಲ್ಲ" ಎಂದು ಕರೆಸಿದ ಮನೆಗಳಲ್ಲೆಲ್ಲ ಬಳ್ಳಿ ಕಾಡಾಗಿ ನಿಂತಿರುತ್ತದೆ. ಕತ್ತರಿ ಮುಟ್ಟಿಸಿರುವುದಿಲ್ಲ. ಚಳಿ ದೇಶದಲ್ಲಿ ದ್ರಾಕ್ಷಿ ಎಲೆ ಉದುರಿಸಿ ಮಲಗುತ್ತದೆ, ವಸಂತಕ್ಕೆ ಎದ್ದು ಹೂ ಬಿಡುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ವರ್ಷವಿಡೀ ಹಸಿರು. ಚಳಿ ಮಾಡಬೇಕಾದ ಕೆಲಸವನ್ನು ಕತ್ತರಿ ಮಾಡಬೇಕು. ವಿಜಯಪುರ ಜಿಲ್ಲೆಯ ರೈತರು ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು, ಅಕ್ಟೋಬರ್‌ನಲ್ಲಿ ಹಣ್ಣು ಬಿಡಿಸಲು ಚಾಟ್ನಿ ಮಾಡುತ್ತಾರೆ. ಬೆಂಗಳೂರು ನೀಲಿ ಇನ್ನೂ ಉದಾರಿ, ಎರಡು ಚಾಟ್ನಿಗೂ ಹಣ್ಣು ಕೊಡುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಕಡ್ಡಿಯಲ್ಲಿ ನಾಲ್ಕೈದು ಕಣ್ಣು ಬಿಟ್ಟು ಮೇಲಿನದನ್ನೆಲ್ಲ ತೆಗೆಯಬೇಕು.

ಮಳೆಗಾಲದಲ್ಲಿ ಎಲೆಯಡಿ ಬಿಳಿ ಬೂಷ್ಟು ಕಂಡರೆ ಬೋರ್ಡೋ ದ್ರಾವಣ ಸಿಂಪಡಿಸಿ: ಲೀಟರ್ ನೀರಿಗೆ ಮೈಲುತುತ್ತ 10 ಗ್ರಾಂ, ಸುಣ್ಣ 10 ಗ್ರಾಂ. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಿ. ಹೊಳೆಯುವ ಚಾಕು ಅದ್ದಿ ನೋಡಿ, ಕೆಂಪಡರಿದರೆ ಸುಣ್ಣ ಸಾಲದು.

ಕತ್ತರಿಸಿದ ಕಡೆಯಿಂದ ಕೆಲವೊಮ್ಮೆ ತಿಳಿನೀರು ತೊಟ್ಟಿಕ್ಕುತ್ತದೆ. ಕಳೆದ ಸಲ ಒಬ್ಬ ಅಜ್ಜಿ ಗಾಬರಿಯಾಗಿ ಅರಿಶಿನ ಮೆತ್ತಿಬಿಟ್ಟಿದ್ದರು. ಏನೂ ಆಗಲಿಲ್ಲ. ಎರಡು ವಾರ ಬಿಟ್ಟು ಅವರೇ ಫೋನ್ ಮಾಡಿದರು. ಎಲೆಯ ಎದುರಿಗೆ ಸಾಸಿವೆಯಂಥ ಕಾಳುಗಳು ಕಟ್ಟಿವೆ, ಹುಳು ಅಲ್ಲ ತಾನೇ ಎಂದರು.