ಸೊಕ್ಕು ಮುರಿಯುವ ಕಥೆಗಳಿಂದ ರೀಲ್ಸ್‌ವರೆಗೆ: ಕನ್ನಡ ಸಿನಿಮಾದ ಸಿಟ್ಟಿನ ಹೆಣ್ಣು

ಮಂಜುಳಾ ಸೊಂಟಕ್ಕೆ ಕೈ ಇಟ್ಟು ನಾಯಕನಿಗೆ ಸವಾಲು ಹಾಕುತ್ತಾರೆ. ಮಾಲಾಶ್ರೀ ರೌಡಿಗಳ ಕಡೆ ಕಣ್ಣು ಕೆಂಪಗೆ ಮಾಡುತ್ತಾರೆ. ಇಂಥ ಅರ್ಧ ನಿಮಿಷದ ತುಣುಕುಗಳು ಈಗ ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುತ್ತಿವೆ. ಹಳೆಯ ನಟಿಯರ ಸಿಟ್ಟನ್ನು ಹೊಸ ಹುಡುಗಿಯರು ತಮ್ಮದು ಅಂತ ಹಂಚಿಕೊಳ್ಳುತ್ತಾರೆ. ನನಗೂ ಅದು ಖುಷಿಯ ವಿಷಯವೇ. ಆದರೆ ಆ ಸಿನಿಮಾಗಳ ಕೊನೆ ಈ ತುಣುಕುಗಳಲ್ಲಿ ಇರುವುದಿಲ್ಲ.

ಕೊನೆಯಲ್ಲಿ ಏನಾಗುತ್ತಿತ್ತು? ಸೊಕ್ಕು ಮುರಿಯುತ್ತಿತ್ತು. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಮಂಜುಳಾ ಸಾಹುಕಾರನ ಮನೆಯ ಗರ್ವದ ಹುಡುಗಿ. 1976ರ 'ಬಹದ್ದೂರ್ ಗಂಡು'ವಿನಲ್ಲಿ ಜಯಂತಿ ಜಂಭದ ರಾಜಕುಮಾರಿ. ಎರಡರಲ್ಲೂ ಎದುರಿಗೆ ರಾಜ್‌ಕುಮಾರ್. 1989ರ 'ನಂಜುಂಡಿ ಕಲ್ಯಾಣ'ದಲ್ಲಿ ರಾಘವೇಂದ್ರ ರಾಜ್‌ಕುಮಾರ್ ಎದುರು ಮಾಲಾಶ್ರೀ. ಈ ಬಗೆಯ ಕಥೆ ಸಿನಿಮಾಕ್ಕಿಂತ ಮೊದಲೇ ನಾಟಕದಲ್ಲಿತ್ತು. 'ಸಂಪತ್ತಿಗೆ ಸವಾಲ್' ಪಿ.ಬಿ. ಧುತ್ತರಗಿ ಅವರ ನಾಟಕದಿಂದ ಬಂತು. 'ನಂಜುಂಡಿ ಕಲ್ಯಾಣ'ಕ್ಕೆ ಪರ್ವತವಾಣಿ ಅವರ ನಾಟಕ ಮೂಲ, ಆ ನಾಟಕಕ್ಕೆ ಶೇಕ್ಸ್‌ಪಿಯರ್ ಮೂಲ. ಅಂದರೆ ಗಂಡ ಹೆಂಡತಿಯನ್ನು 'ದಾರಿಗೆ ತರುವ' ಕಥೆಗೆ ನಮ್ಮಲ್ಲಿ ಜನ ಮೊದಲೇ ಚಪ್ಪಾಳೆ ತಟ್ಟಿದ್ದರು. ಸಿನಿಮಾ ಆ ಚಪ್ಪಾಳೆಯನ್ನು ಇನ್ನಷ್ಟು ದೊಡ್ಡದು ಮಾಡಿತು.

ಅವಳಿಗೆ ಸಿಟ್ಟು ಯಾಕೆ ಬಂತು ಅಂತ ಈ ಕಥೆಗಳು ಹೆಚ್ಚು ಕೇಳುವುದಿಲ್ಲ. ದುಡ್ಡಿನ ಮದ, ಅತಿ ಮುದ್ದು, ಅಷ್ಟೇ ಕಾರಣ. ಆದರೂ ಮಂಜುಳಾ ಆ ಪಾತ್ರಗಳಿಗೆ ಎಂಥ ಜೀವ ತುಂಬಿದರು ಅಂದರೆ, ಪಳಗಿದ ನಂತರದ ಹೆಂಡತಿ ಯಾರಿಗೂ ನೆನಪಿಲ್ಲ. ಪಳಗುವ ಮೊದಲಿನ ಹುಡುಗಿಯೇ ಇವತ್ತಿಗೂ ಉಳಿದಿದ್ದಾಳೆ.

ಸಿಟ್ಟಿನ ಕಾರಣವನ್ನು ಗಂಭೀರವಾಗಿ ನೋಡಿದ ಸಿನಿಮಾ ಅಂದರೆ ನನ್ನ ಪ್ರಕಾರ 1971ರ 'ಶರಪಂಜರ'. ತ್ರಿವೇಣಿ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ಬಾಣಂತಿಯಾಗಿದ್ದಾಗ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಅವಳು ವಾಸಿಯಾಗಿದ್ದಾಳೆ ಅಂತ ಯಾರೂ ನಂಬುವುದಿಲ್ಲ. ಗಂಡ ಬೇರೊಬ್ಬಳ ಹಿಂದೆ ಹೋಗಿದ್ದಾನೆ. ಯಾವ ಹೆಂಡತಿಗಾದರೂ ಸಿಟ್ಟು ಬರುವ ವಿಷಯ, ಅಲ್ವಾ? ಆದರೆ ಒಮ್ಮೆ ಹುಚ್ಚಿ ಅನ್ನಿಸಿಕೊಂಡವಳು ದನಿ ಎತ್ತಿದರೆ ಅದೂ ಕಾಯಿಲೆಯೇ ಆಗಿಬಿಡುತ್ತದೆ. ಕೊನೆಗೆ ಕಾವೇರಿ ಮತ್ತೆ ಆಸ್ಪತ್ರೆ ಸೇರುತ್ತಾಳೆ. ಅವಳ ಸಿಟ್ಟು ನ್ಯಾಯವಾದದ್ದು ಅಂತ ನೋಡುವವರಿಗೆ ಗೊತ್ತು, ಸಿನಿಮಾದೊಳಗಿನ ಜನರಿಗೆ ಗೊತ್ತಿಲ್ಲ. ಕಲ್ಪನಾ ಅಭಿನಯ ಇಂದಿಗೂ ಕಾಡುವುದು ಅದಕ್ಕೇ.

ಎಲ್ಲರೂ ಒಪ್ಪಿದ ಸಿಟ್ಟೂ ಒಂದಿತ್ತು. 1961ರ 'ಕಿತ್ತೂರು ಚೆನ್ನಮ್ಮ'ದಲ್ಲಿ ಬಿ. ಸರೋಜಾದೇವಿ ಬ್ರಿಟಿಷರ ಮೇಲೆ ಗುಡುಗಿದರು. ಇವತ್ತಿಗೂ ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ಪುಟ್ಟ ಹುಡುಗಿಯರು ಕತ್ತಿ ಹಿಡಿದು ಕಪ್ಪದ ಮಾತು ಹೇಳುತ್ತಾರೆ. ಆಗ ಗಟ್ಟಿಯಾಗಿ ಕೂಗಿದಷ್ಟೂ ಮೆಚ್ಚುಗೆ ಜಾಸ್ತಿ.

ಆಟ ಬದಲಿಸಿದ್ದು ಮಾಲಾಶ್ರೀ. ಪಳಗುವ ಪಾತ್ರದಿಂದಲೇ ಗೆದ್ದವರು ಕೆಲವೇ ವರ್ಷಗಳಲ್ಲಿ ಫೈಟ್ ಮಾಡುವ ನಾಯಕಿಯಾದರು. 1990ರಲ್ಲಿ ತೆಲುಗಿನ 'ಕರ್ತವ್ಯಂ'ನಲ್ಲಿ ವಿಜಯಶಾಂತಿ ಪೊಲೀಸ್ ಅಧಿಕಾರಿಯಾಗಿ ಗೆದ್ದಿದ್ದರು. ಕನ್ನಡದಲ್ಲಿ 'ಎಸ್.ಪಿ. ಭಾರ್ಗವಿ' ಬಂತು. ಮುಂದೆ 'ಚಾಮುಂಡಿ', 2004ರಲ್ಲಿ 'ದುರ್ಗಿ', ಆಮೇಲೆ 'ಕನ್ನಡದ ಕಿರಣ್ ಬೇಡಿ'. ನಾಯಕನೇ ಬೇಡ, ಇವರೊಬ್ಬರಿದ್ದರೆ ಸಾಕು ಅಂತ ಜನ ಟಿಕೆಟ್ ಕೊಂಡರು. ಇದು ಸಣ್ಣ ಸಾಧನೆ ಅಲ್ಲ. ಆದರೆ ಹೆಸರುಗಳನ್ನು ಗಮನಿಸಿ: ಒಂದೋ ದೇವಿ, ಇಲ್ಲವೇ ಪೊಲೀಸ್. ಖಾಕಿಯೂ ತ್ರಿಶೂಲವೂ ಇಲ್ಲದ ಹೆಣ್ಣಿಗೆ ಸಿಟ್ಟಿನ ಹಕ್ಕು ಕೊಟ್ಟ ಸಿನಿಮಾಗಳು ಕಡಿಮೆ. ತೇಜಸ್ವಿ ಅವರ ಕಥೆ ಆಧರಿಸಿ ಸುಮನಾ ಕಿತ್ತೂರು 2016ರಲ್ಲಿ ಮಾಡಿದ 'ಕಿರಗೂರಿನ ಗಯ್ಯಾಳಿಗಳು' ಅದಕ್ಕೇ ನನಗೆ ಇಷ್ಟ. ಅಲ್ಲಿ ಕೂಗುವವರು ದುಡಿಯುವ ಹೆಂಗಸರು. ಸಿಟ್ಟು ಊರಿನ ಗಂಡಸರ ಮೇಲೆ.

ಇನ್ನು ಅಭಿಮಾನಿಗಳ ವಿಷಯ. ರೀಲ್ಸ್ ಮಾಡುವವರು ಹಳೆಯ ಸಿನಿಮಾಗಳ ಕೊನೆಯನ್ನು ಕತ್ತರಿಸಿ ಎಸೆದರು. ಅದರಿಂದ ಮಂಜುಳಾ ಪಾತ್ರಗಳಿಗೆ ಬಿಡುಗಡೆ ಸಿಕ್ಕಿತು ಅಂತಲೇ ನಾನು ತಿಳಿದಿದ್ದೇನೆ. ಆದರೆ ಅದೇ ಆ್ಯಪ್‌ಗಳಲ್ಲಿ ನಿಜವಾದ ಹೆಣ್ಣು ಮಾತಾಡಿದರೆ ಕಥೆ ಬೇರೆ. 2018ರಲ್ಲಿ ಶ್ರುತಿ ಹರಿಹರನ್ ಮೀಟೂ ಆರೋಪ ಮಾಡಿದಾಗ ಬೈಗುಳದ ಸುರಿಮಳೆಯಾಯಿತು. 2025ರ ಜುಲೈನಲ್ಲಿ ನಟಿ ರಮ್ಯಾ, ಸ್ಟಾರ್ ನಟರೊಬ್ಬರು ಆರೋಪಿಯಾಗಿರುವ ಕೊಲೆ ಪ್ರಕರಣದಲ್ಲಿ ಸತ್ತವನ ಕುಟುಂಬಕ್ಕೆ ನ್ಯಾಯ ಸಿಗಲಿ ಅಂತ ಬರೆದರು. ಅದರಲ್ಲಿ ಕೂಗಾಟ ಇರಲಿಲ್ಲ, ಬೈಗುಳ ಇರಲಿಲ್ಲ. ಅಷ್ಟಕ್ಕೇ ಅಶ್ಲೀಲ ಸಂದೇಶಗಳು, ಅತ್ಯಾಚಾರದ ಬೆದರಿಕೆಗಳು ಬಂದವು. ಸುಮ್ನೆ ಇದ್ದುಬಿಡಿ ಅನ್ನುವ ಸಲಹೆ ಇಂಥ ಹೊತ್ತಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಸಿಗುತ್ತದೆ. ರಮ್ಯಾ ಸುಮ್ಮನಿರಲಿಲ್ಲ. 43 ಖಾತೆಗಳ ವಿವರ ಹಿಡಿದುಕೊಂಡು ಬೆಂಗಳೂರು ಪೊಲೀಸ್ ಕಮಿಷನರ್ ಕಚೇರಿಗೆ ಹೋಗಿ ದೂರು ಕೊಟ್ಟರು. ಕೆಲವೇ ದಿನಗಳಲ್ಲಿ ಬಂಧನಗಳು ಶುರುವಾದವು.